ಗಾಡಿ ಶಹಾಬಾದ್ ಬಿಟ್ಟಿಲ್ಲ

ನಮ್ಮ ಅತ್ತೆಯ ಮೂಗಿನ ಬಗ್ಗೆ ವಾಡಿಯ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ಮೀನು ಮಾರುವವಳು ಬುಟ್ಟಿ ಹೊತ್ತು ಬಂದರೆ ಅತ್ತೆ ಒಳಗಿನ ಖೋಲಿಯಲ್ಲೇ ಕೂತು, "ನಿನ್ನಿವ ಅವ, ಬ್ಯಾಡ, ಮುಂದ ಹೋಗು" ಎಂದು ಕೂಗುತ್ತಿದ್ದರು. ಬುಟ್ಟಿಯ ಮೇಲಿನ ಬಟ್ಟೆ ಕೂಡ ಇನ್ನೂ ಸರಿದಿರುತ್ತಿರಲಿಲ್ಲ. ಕಾಗಿಣಾ ಹೊಳೆಯ ದಂಡೆಯಲ್ಲಿ ಹುಟ್ಟಿ, ಕಾಗಿಣಾ ದಂಡೆಯ ಮನೆಗೇ ಸೊಸೆಯಾಗಿ ಬಂದವರು. ಹೊಳೆಯ ಮೀನು ಯಾವುದು, ಕೆರೆಯ ಮೀನು ಯಾವುದು ಎಂದು ಗಾಳಿಯಲ್ಲೇ ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹೊಲಿಗೆ ಮಷೀನಿನ ಮರೆಯಲ್ಲಿ ಕದ್ದು ಸೇವು ತಿಂದರೆ, "ಬಳ್ಳೊಳ್ಳಿ ಸೇವಾ? ನನಗೂ ಜರಾ ಕೊಡು" ಎಂದು ಅಡುಗೆಮನೆಯಿಂದ ಧ್ವನಿ ಬರುತ್ತಿತ್ತು. ಇಂಥ ಮೂಗಿನ ಕೆಳಗೆ ಸಂಸಾರ ಮಾಡಿದವಳು ನಾನು. ನನ್ನ ತಾಳ್ಮೆಗೆ ಯಾರಾದರೂ ಒಂದು ಶಾಲು ಹೊದಿಸಬೇಕಿತ್ತು, ಯಾರೂ ಹೊದಿಸಲಿಲ್ಲ.

ಆ ಮೂಗಿನ ನಿಜವಾದ ದರ್ಬಾರು ನಡೆಯುತ್ತಿದ್ದದ್ದು ಎಳ್ಳ ಅಮಾವಾಸ್ಯೆಗೆ. ಆ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಅಡುಗೆಯನ್ನೆಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳದ ದಂಟಿನ ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ನೈವೇದ್ಯ ತೋರಿಸಿ, ಆ ಅಡುಗೆಯನ್ನೇ ಹೊಲದ ತುಂಬ ಚರಗವಾಗಿ ಚೆಲ್ಲಿ ಭೂತಾಯಿಗೆ ಉಣಿಸಿದ ಮೇಲೆಯೇ ನಮ್ಮ ಊಟ. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಏನೇ ಇರಲಿ, ಭಜ್ಜಿ ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ. ಬೆಂಗಳೂರು ಕಡೆಯವರು ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಅಂದುಕೊಳ್ಳುತ್ತಾರೆ, ಪಾಪ. ನಮ್ಮ ಭಜ್ಜಿ ಬೇರೆ. ಆ ಚಳಿಯಲ್ಲಿ ಹೊಲ ಏನೇನು ಕೊಡುತ್ತದೋ ಅದೆಲ್ಲ, ಹಸಿ ಕಡಲೆ, ಹಸಿ ತೊಗರಿ, ಅವರೆ, ಮೆಂತೆ, ಪಾಲಕ್, ಗಜ್ಜರಿ, ಬದನೆ, ಕೊನೆಗೆ ಬಾರೆಹಣ್ಣು ಕೂಡ, ಒಂದೇ ಹಂಡೆಗೆ ಬಿದ್ದು, ಹುಣಸೆ ಹುಳಿಯಲ್ಲಿ ಕುದ್ದು, ಕಡಲೆ ಹಿಟ್ಟಿನಿಂದ ಗಟ್ಟಿಯಾಗಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿಸಿಕೊಂಡು ಬರುವ ಪದಾರ್ಥ ಅದು. ಒಲೆಯ ಮೇಲಿದ್ದಾಗ ಅದರ ಘಮ ನಾಲ್ಕು ಮನೆ ಆಚೆ ಹೋಗುತ್ತದೆ.

ಒಂದೇ ಒಂದು ಕಷ್ಟ. ಚರಗ ಚೆಲ್ಲುವ ತನಕ ಅದನ್ನು ಯಾರೂ ಬಾಯಿಗಿಡುವಂತಿಲ್ಲ. ಇಟ್ಟರೆ ಎಂಜಲು. ಅಂದರೆ ಅಷ್ಟು ದೊಡ್ಡ ಹಂಡೆಗೆ ಉಪ್ಪು, ಹುಳಿ, ಖಾರ ಹಾಕುವವರು ರುಚಿ ನೋಡದೆ ಹಾಕಬೇಕು. ಅತ್ತೆಗೆ ಇದು ಕಷ್ಟವೇ ಆಗಿರಲಿಲ್ಲ. ಹಂಡೆಯಿಂದ ಮಾರುದೂರ ನಿಂತು, ಆವಿ ತಮ್ಮ ಕಡೆ ಬಂದಾಗ ಕಣ್ಣು ಮುಚ್ಚಿ, "ಇನ್ನೊಂದು ಚಿಟಿಕಿ" ಅನ್ನುವರು. "ಮೂಸಿದರೂ ಎಂಜಲಲ್ಲೇನ್ರಿ ಅತ್ತೀ?" ಎಂದು ನಾನೊಮ್ಮೆ ಕೆಣಕಿದೆ. "ನಾ ಎಲ್ಲಿ ಮೂಸೀನಿ? ಅದೇ ಬಂದು ನನ್ನ ಮೂಗಿಗಿ ಹೇಳಿ ಹೋಗ್ತದ" ಎಂದರು. ಅಷ್ಟು ವರ್ಷ ನಮ್ಮ ಭಜ್ಜಿಯ ಉಪ್ಪು ಒಮ್ಮೆಯೂ ಹೆಚ್ಚುಕಡಿಮೆ ಆದದ್ದಿಲ್ಲ.

ಆದದ್ದಿಲ್ಲ ಎಂದು ನಾವು ಹೇಳುತ್ತೇವೆ. ಸಣ್ಣತ್ತೆ ಹೇಳುವುದಿಲ್ಲ. ಸಣ್ಣತ್ತೆ ಅಂದರೆ ನಮ್ಮ ಮಾವನ ತಮ್ಮನ ಹೆಂಡತಿ. ಚಿತ್ತಾಪುರದಲ್ಲಿ ಮನೆ. ಹೊಳೆದಂಡೆಯ ಹೊಲ ಎರಡೂ ಮನೆಗೆ ಸೇರಿದ್ದು, ಹಾಗಾಗಿ ಎಳ್ಳ ಅಮಾವಾಸ್ಯೆ ಎಲ್ಲರದೂ ಕೂಡಿ. ಪ್ರತಿ ವರ್ಷ ಸಣ್ಣತ್ತೆ ಮೊದಲ ತುತ್ತು ಬಾಯಿಗಿಟ್ಟು, ಆಕಾಶ ನೋಡಿ, "ಛಲೋ ಆಗ್ಯದ ಅಕ್ಕ, ಆದರ ಉಪ್ಪು ಜರಾ..." ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು. ಅತ್ತೆ ಸುಮ್ಮನಿರುವವರೇ? ದೀಪಾವಳಿಗೆ ಸಣ್ಣತ್ತೆ ಡಬ್ಬಿ ತುಂಬ ಕರ್ಚಿಕಾಯಿ ಹೊತ್ತು ತಂದರೆ, ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, "ಎಣ್ಣಿ ಹೋದ ವರ್ಷದ್ದೇನ?" ಎಂದು ಲೆಕ್ಕ ಸಮ ಮಾಡುತ್ತಿದ್ದರು. ಇಬ್ಬರೂ ಮುಖ ಕೊಟ್ಟು ಜಗಳ ಆಡಿದವರಲ್ಲ. ಆಡಿದ್ದರೆ ನಾವು ಸಣ್ಣವರೆಲ್ಲ ಅಷ್ಟು ಹೆದರುತ್ತಿರಲಿಲ್ಲ.

ಹೋದ ದೀಪಾವಳಿಗೆ ಸಣ್ಣತ್ತೆ ಹೋಗುವಾಗ ಚಪ್ಪಲಿ ಮೆಟ್ಟುತ್ತ, ನೆಲ ನೋಡಿಕೊಂಡು ಒಂದು ಬಾಂಬು ಹಾಕಿದರು. "ಅಕ್ಕ, ಈ ಸಲ ಭಜ್ಜಿ ನಾನೇ ಚಿತ್ತಾಪುರದಿಂದ ಮಾಡಿ ತರ್ತೀನಿ. ನೀವು ಆರಾಮ್ ಕುಂದ್ರಿ."

ಅತ್ತೆಯ ಮುಖ ನೋಡಬೇಕಿತ್ತು! "ಯಾಕವ್ವ? ನನ್ನ ಕೈ ಮುರದದೇನು?"

"ಹಂಗಲ್ರಿ ಅಕ್ಕ, ವಯಸ್ಸಾತಲ್ಲ..."

"ನಿನಗ ಆಗಿಲ್ಲೇನು? ಹಂಡಿ ನಂದು, ಸೌಟು ನಂದು. ಭಜ್ಜಿ ಬ್ಯಾರೆಯವರ ಕೈಯಾಗ ಹೋದ ವರ್ಷ ನಾ ಹೊಲಕ್ಕೇ ಬರಲ್ಲ, ಬರಕೊ."

ಸಣ್ಣತ್ತೆ ಏನೂ ಬರೆದುಕೊಳ್ಳದೆ ಚಿತ್ತಾಪುರಕ್ಕೆ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಬಾಯಿಗೂ ನನ್ನ ಕತ್ತರಿಗೂ ಹರಿತ ಒಂದೇ ಎಂದು ನನ್ನ ಗಂಡ ಹೇಳುತ್ತಾರೆ. ಆ ಸಂಜೆ ಗಿರಾಕಿಯ ಬ್ಲೌಸು ಕತ್ತರಿಸುತ್ತ ಸಣ್ಣತ್ತೆಯನ್ನು ಎಷ್ಟು ಬೈದೆನೆಂದರೆ ತೋಳು ಎರಡೂ ಎಡಗಡೆಯವೇ ಆದವು.

ಅದಾದ ಸ್ವಲ್ಪ ದಿನಕ್ಕೆ ನಾನು ಬಜಾರಿಂದ ಬರುತ್ತಿದ್ದೆ. ಓಣಿಯ ತುದಿಗೇ ಹಾಲು ಹೊತ್ತಿದ ವಾಸನೆ. ಯಾರ ಮನೆಯ ಹೆಂಗಸು ನಿದ್ದೆ ಹೊಡೆಯುತ್ತಿದ್ದಾಳೋ ಎಂದು ನಗುತ್ತ ಬಂದರೆ ಅದು ನಮ್ಮದೇ ಮನೆ! ಅಡುಗೆಮನೆ ತುಂಬ ಹೊಗೆ. ಒಲೆಯ ಪಕ್ಕದ ಪರ್ಸಿ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತ ಅತ್ತೆ ಹಾಡು ಗುನುಗುತ್ತ ಮೆಂತೆ ಸೋಸುತ್ತಿದ್ದಾರೆ. ಪಾತ್ರೆಯ ತಳ ಇದ್ದಿಲಾಗಿದೆ.

"ಅತ್ತೀ! ಹಾಲು ಹೊತ್ತಿ ಕರ್ರಗ ಆಗ್ಯದಲ್ರಿ!"

ತಿರುಗಿ ನೋಡಿ ಬೆಚ್ಚಿದರು. ಆಮೇಲೆ ನನ್ನ ಮುಖ ನೋಡಿ ಅಳಲೋ ನಗಲೋ ಎನ್ನುವಂತೆ ಕೂತರು. ನಾನು ಇಂಗಿನ ಡಬ್ಬಿ ತೆಗೆದು ಅವರ ಮೂಗಿಗೆ ಹಿಡಿದೆ. ಏನೂ ಇಲ್ಲ. ಮಲ್ಲಿಗೆ ಹಿಡಿದೆ. ಏನೂ ಇಲ್ಲ. ಗಂಡನ ಬೆವರಿನ ಬನಿಯನ್ನನ್ನೇ ತಂದು ಹಿಡಿದೆ. "ಇದರಾಗೂ ಏನೂ ಇಲ್ಲೇನ್ರಿ?" ಅಂದೆ. "ಇಲ್ಲ, ದೇವರು ದೊಡ್ಡಾಂವ" ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸುಸ್ತಾದ ಮೇಲೆ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನಿಜ ಹೇಳಿದರು. ದಸರೆಯಲ್ಲಿ ಬಂದಿದ್ದ ಜ್ವರ ನೆಗಡಿ ಹೋಗುವಾಗ ಮೂಗಿನಲ್ಲಿದ್ದದ್ದನ್ನೆಲ್ಲ ಕಟ್ಟಿಕೊಂಡು ಹೋಗಿತ್ತು. ಬಾಯಿಗೆ ಇಟ್ಟರೆ ಉಪ್ಪು ಉಪ್ಪಾಗಿ, ಖಾರ ಚುರ್ ಅಂತ ಗೊತ್ತಾಗುತ್ತದೆ. "ಉಳಿದದ್ದೆಲ್ಲ ಕಾಗದ ತಿಂದಂಗ ಆಗ್ತದ, ಮಗಳಾ."

ಡಾಕ್ಟರ ಹತ್ತಿರ ಗುಟ್ಟಾಗಿ ಹೋಗಿ ಬಂದೆವು. ಕೆಲವರಿಗೆ ತಾನಾಗಿ ತಿರುಗಿ ಬರುತ್ತದೆ, ಕೆಲವರಿಗೆ ತಡವಾಗುತ್ತದೆ ಎಂದು ಹೇಳಿ ಔಷಧಿ ಕೊಟ್ಟರು. ಅತ್ತೆಗೆ ತಡದ ಚಿಂತೆ ಇರಲಿಲ್ಲ. ಎಳ್ಳ ಅಮಾವಾಸ್ಯೆಯ ಚಿಂತೆ ಇತ್ತು. "ಚಿತ್ತಾಪುರದಾಕಿಗೆ ಗೊತ್ತಾದ್ರ ಸೌಟು ಹೋತು. ಸೌಟು ಹೋದ ಮ್ಯಾಲ ನಾ ಈ ಮನ್ಯಾಗ ಯಾರು? ಮೂಲ್ಯಾಗ ಕುಂತು ಶೇಂಗಾ ಸುಲಿಯೋ ಮುದುಕಿ." ಹಾಗೆ ಹೇಳುವಾಗ ಅವರ ಧ್ವನಿ ಒಡೆಯಿತು.

"ಯಾಕ ಹೋಗ್ತದ್ರಿ? ನನ್ನ ಮೂಗು ಅದಲ್ಲ" ಅಂದೆ.

ಅತ್ತೆ ನನ್ನ ಮೂಗನ್ನು ಕೊಳ್ಳಲು ಬಂದವರ ಹಾಗೆ ಆಚೆ ಈಚೆ ತಿರುಗಿಸಿ ನೋಡಿದರು. "ಕುಂಚಾವರಂ ಮೂಗು. ಹುಳಿ ಬಿಟ್ಟು ಏನೂ ಕೇಳಲ್ಲ ನಿಮ್ಮ ತೆಲಗ ಮೂಗಿಗಿ." ನನ್ನ ತವರು ಚಿಂಚೋಳಿ ತಾಲೂಕಿನ ಆ ತುದಿ, ಕಾಡಿನ ಅಂಚು, ತೆಲುಗು ಸೀಮೆಯ ಗಡಿ. ನಮ್ಮಲ್ಲಿ ಪುಂಡಿಪಲ್ಯ ಹುಳಿ ಸುರಿಯಬೇಕು, ಖಾರ ಕಿವಿಯಲ್ಲಿ ಬರಬೇಕು. ಈ ವಿಷಯದಲ್ಲಿ ಮದುವೆಯಾದಾಗಿನಿಂದ ನನಗೆ ಅನ್ನಿಸಿಕೊಂಡು ಅಭ್ಯಾಸ. ಆದರೂ ಬೇರೆ ಮೂಗು ಮನೆಯಲ್ಲಿ ಇರಲಿಲ್ಲವಲ್ಲ, ಒಪ್ಪಿದರು.

ಅಲ್ಲಿಂದ ಶುರುವಾಯಿತು ನನ್ನ ತಾಲೀಮು. ಗಂಡ ಟೆಂಪೊ ತೆಗೆದುಕೊಂಡು ಬಾಡಿಗೆಗೆ ಹೋದ ತಕ್ಷಣ ನಾವು ಸಣ್ಣ ಬೋಗುಣಿಯಲ್ಲಿ ಭಜ್ಜಿ ಇಡುವುದು, ಅತ್ತೆ ನನಗೆ ತೋರಿಸದೆ ಉಪ್ಪು ಹಾಕುವುದು, ನಾನು ಕಣ್ಣು ಮುಚ್ಚಿ ಆವಿಗೆ ಮುಖ ಕೊಡುವುದು. "ಉಪ್ಪಿಗಿ ವಾಸನಿ ಎಲ್ಲಿಂದ ಬರಬೇಕ್ರಿ ಅತ್ತೀ?" ಎಂದು ಮೊದಲ ದಿನ ರೇಗಿದೆ. "ಉಪ್ಪಿಗಿಲ್ಲ. ಉಪ್ಪು ಬಿದ್ದ ಕಾಯಿಪಲ್ಯಕ್ಕ ಅದ. ಉಪ್ಪಿಲ್ಲದ ಮೆಂತಿ ಹಸಿ ಹುಲ್ಲಿನಂಗ ಬರ್ತದ. ಉಪ್ಪು ಬಿತ್ತಂದ್ರ ಬಾಯಿ ಮುಚ್ಚಿಕೊಂಡು ಮೆತ್ತಗಾಗ್ತದ. ಹೆಚ್ಚಾತಂದ್ರ ಹೊಳಿ ದಂಡಿ ವಾಸನಿ." ನಾನು ನಂಬಲಿಲ್ಲ. ಆದರೆ ಹೇಳುತ್ತೇನೆ ಕೇಳಿ, ಬಂತು! ಒಂದು ದಿನ ತಟ್ಟನೆ ಮೆಂತೆಯ ಹಸಿ ಹೋಗಿ ಮೆತ್ತಗಾದದ್ದು ಮೂಗಿಗೆ ತಿಳಿಯಿತು. "ಸಾಕು! ಸಾಕ್ರಿ!" ಎಂದು ಅಡುಗೆಮನೆಯಲ್ಲಿ ಕುಣಿದೆ. ಅತ್ತೆಯೂ ನನ್ನ ಕೈ ಹಿಡಿದು ಒಂದು ಸುತ್ತು ಹಾಕಿದರು. ಗಂಡನಿಗೆ ಮಾತ್ರ ಆ ತಿಂಗಳಿಡೀ ಮಧ್ಯಾಹ್ನ ಭಜ್ಜಿ, ರಾತ್ರಿ ಭಜ್ಜಿ. "ಹಬ್ಬದ ದಿನ ಏನು ಉಣ್ಣಬೇಕು ನಾವು?" ಎಂದು ಪಾಪದ ಮನುಷ್ಯ ಕೇಳಿದರೆ ಅತ್ತೆ, "ಸುಮ್ ಉಣ್ಣು, ರಕ್ತ ಆಗ್ತದ" ಎಂದರು.

ಆದರೆ ಹಬ್ಬದ ದಿನ ಅಡುಗೆಮನೆಯಲ್ಲಿ ಸಣ್ಣತ್ತೆ ಇರುತ್ತಾರೆ. ಅವರ ಮುಂದೆ ನಾನು "ಉಪ್ಪು ಸಾಕು" ಅನ್ನುವುದು ಹೇಗೆ? ಅತ್ತೆಯೇ ಉಪಾಯ ತೆಗೆದರು. ವಾಡಿಯಲ್ಲಿ ಇರುವವರ ಬಾಯಲ್ಲಿ ದಿನವಿಡೀ ರೈಲು ಗಾಡಿಯ ಮಾತು, ಯಾರಿಗೂ ಅನುಮಾನ ಬರುವುದಿಲ್ಲ. ಕಲಬುರಗಿ ಕಡೆಯಿಂದ ಬರುವ ಗಾಡಿ ಮೊದಲು ಶಹಾಬಾದ್, ಆಮೇಲೆ ವಾಡಿ, ಆಮೇಲೆ ಚಿತ್ತಾಪುರ, ಆಮೇಲೆ ಸೇಡಂ. ಹಾಗಾಗಿ ಉಪ್ಪು ಕಮ್ಮಿ ಇದ್ದರೆ "ಗಾಡಿ ಇನ್ನೂ ಶಹಾಬಾದ್ ಬಿಟ್ಟಿಲ್ಲ." ಸರಿಯಿದ್ದರೆ "ವಾಡಿಗಿ ಬಂದದ." ಹೆಚ್ಚಾದರೆ "ಚಿತ್ತಾಪುರ ದಾಟ್ಯದ."

"ಸೇಡಂ ಅಂದ್ರ ಏನ್ರಿ?"

"ಸೇಡಂ ತನಕ ಹೋದ್ರ ಹಂಡಿ ಹೊಳಿಗಿ ಸುರದು ಬರಬೇಕು, ಮತ್ತೇನು!"

ಇಷ್ಟು ಚೆಂದದ ಗುಟ್ಟನ್ನು ಜಗತ್ತಿನಲ್ಲಿ ಯಾವ ಅತ್ತೆ ಸೊಸೆಯೂ ಮಾಡಿರಲಿಕ್ಕಿಲ್ಲ ಎಂದು ನಾನು ಉಬ್ಬಿಹೋದೆ. ರೊಟ್ಟಿ ಬಡಿಯುವಾಗಲೂ ಒಬ್ಬಳೇ ನಗುತ್ತಿದ್ದೆ.

ಅಮಾವಾಸ್ಯೆಯ ಬೆಳಿಗ್ಗೆ ಬಂತು. ಸಣ್ಣತ್ತೆ ಹಿಂದಿನ ದಿನವೇ ಬಂದಿದ್ದರು. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು, ಮಡಿಲಲ್ಲಿ ಹಸಿ ಕಡಲೆ ಸುಲಿಯುತ್ತ, ಒಂದೊಂದು ಕಾಳಿಗೂ ಒಮ್ಮೆ ಅತ್ತೆಯ ಕಡೆ ನೋಡುತ್ತಿದ್ದರು. ಕಾವಲುಗಾರ್ತಿ ಕೂತಿದ್ದಾಳೆ ನೋಡು ಎಂದು ನಾನು ಒಳಗೇ ಹಲ್ಲು ಕಡಿದೆ. ಹಂಡೆ ಒಲೆಯ ಮೇಲೆ ಕುದಿಯುತ್ತಿತ್ತು. ಅತ್ತೆ ಎಂದಿನಂತೆ ಮಾರುದೂರ ನಿಂತು, ಕಣ್ಣು ಮುಚ್ಚಿ, ಬಾರದ ವಾಸನೆಯನ್ನು ಎಳೆದುಕೊಂಡರು. ಎಂಥ ನಾಟಕ! ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು. "ಏ, ಗಾಡಿ ಎಲ್ಲಿಗಿ ಬಂತಂತ?"

ನಾನು ಆವಿಗೆ ಮುಖ ಕೊಟ್ಟೆ. ಹಸಿ ಹುಲ್ಲು. "ಇನ್ನೂ ಶಹಾಬಾದ್ ಬಿಟ್ಟಿಲ್ರಿ ಅತ್ತೀ."

ಒಂದು ಹಿಡಿ ಉಪ್ಪು ಬಿತ್ತು. ಕೈಯಾಡಿಸಿದರು. ಸ್ವಲ್ಪ ಹೊತ್ತಿಗೆ ಮೆಂತೆ ಮೆತ್ತಗಾಗಿ, ಹುಣಸೆ ಹುಳಿಯ ಜೊತೆ ಕೂಡಿ, ಘಮ್ ಎಂದು ಎದ್ದಿತು. ಮೈ ಜುಮ್ಮೆಂದಿತು ನನಗೆ. ಬಂದುಬಿಟ್ಟಿತು ವಾಡಿ! ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ನನ್ನ ಫೋನು ಬಡಿದುಕೊಂಡಿತು. ಓಡಿದೆ. ಸೊಲ್ಲಾಪುರದಿಂದ ಹಬ್ಬಕ್ಕೆ ಬರುತ್ತಿದ್ದ ನನ್ನ ಮೈದುನ. ನನ್ನ ಗಂಡ ಅಂಗಳದಲ್ಲಿ ಟೆಂಪೊಗೆ ಚಾಪೆ ಹಾಸುತ್ತಿದ್ದರು, ತಮ್ಮನನ್ನು ಸ್ಟೇಷನ್ನಿನಿಂದ ಕರೆತರಬೇಕಿತ್ತು.

"ಏನಂತ?" ಎಂದರು ಗಂಡ.

ನಾನು ಇಡೀ ಓಣಿಗೆ ಕೇಳುವ ಹಾಗೆ ಕೂಗಿದೆ. "ಗಾಡಿ ಇನ್ನೂ ಶಹಾಬಾದ್ ಬಿಟ್ಟಿಲ್ಲಂತ್ರಿ!"

"ಆಂ?"

"ಶಹಾಬಾದ್ ಬಿಟ್ಟಿಲ್ಲ! ಅಲ್ಲೇ ನಿಂತದ ಗಾಡಿ!"

ಬಾಯಿಂದ ಮಾತು ಹೊರಟ ಮೇಲೆ ನನಗೆ ಎದೆ ಧಸಕ್ಕೆಂದಿತು. ಫೋನು ಹಿಡಿದುಕೊಂಡೇ ಒಳಗೆ ಓಡಿದೆ. ಅತ್ತೆ ಆಗ ತಾನೇ ಉಪ್ಪಿನ ಭರಣಿಯ ಮುಚ್ಚಳ ಹಾಕುತ್ತಿದ್ದರು. ಮುಖದಲ್ಲಿ ಎಷ್ಟು ಸಮಾಧಾನ! ನಾನು ಹಂಡೆಯ ಹತ್ತಿರ ಹೋದೆ. ಮೆಂತೆ ಇಲ್ಲ, ಕಡಲೆ ಇಲ್ಲ. ಹೊಳೆದಂಡೆಯೇ ಎದ್ದು ಬಂದು ನನ್ನ ಮುಖಕ್ಕೆ ಬಡಿಯಿತು.

"ಅತ್ತೀ... ಗಾಡಿ ಸೇಡಂ ದಾಟ್ಯದ್ರಿ!"

"ಅಯ್ಯ ಖೋಡಿ! ಈಗೀಗ ಶಹಾಬಾದ್‌ನ್ಯಾಗ ನಿಂತದ ಅಂತ ಎರಡೆರಡು ಸಲ ಒದರಿದೆಲ್ಲ!"

ಬಾಗಿಲಲ್ಲಿ ಕಡಲೆ ಸುಲಿಯುವುದು ನಿಂತಿತು. "ಯಾವ ಗಾಡಿರಿ ಅಕ್ಕ ಅದು?" ಎಂದರು ಸಣ್ಣತ್ತೆ. "ಅಷ್ಟರಾಗ ಸೇಡಂಗ ಹೋಗ್ಲಿಕ್ಕ ವಿಮಾನ ಏನು?"

ಆ ಕ್ಷಣಕ್ಕೇ ಅಂಗಳದಲ್ಲಿ ಟೆಂಪೊ ಭರ್ ಎಂದಿತು. "ಮಲಗಿಬಿಟ್ಟಾನ ಅವ! ಸೇಡಂಗ ಹೋಗಿ ಎಬ್ಬಿಸಿ ತರ್ತೀನಿ!" ಎಂದು ನನ್ನ ಗಂಡ ಕೂಗಿದ್ದು ಕೇಳಿಸಿತು. ಓಡಿ ಹೊರಗೆ ಬಂದರೆ ಧೂಳು ಮಾತ್ರ. ಫೋನು ಮಾಡಿದೆ. ಅವರ ಫೋನು ಕಿಟಕಿಯ ಪಕ್ಕದಲ್ಲಿ ಚಾರ್ಜಿಗೆ ಹಾಕಿದ್ದು ಹಾಡತೊಡಗಿತು. ಮೈದುನ ಶಹಾಬಾದ್‌ನಲ್ಲಿ, ಗಂಡ ಸೇಡಂ ದಾರಿಯಲ್ಲಿ, ಹಂಡೆಯೊಳಗೆ ಸಮುದ್ರ. ನಾನು ಅಂಗಳದಲ್ಲೇ ಕುಕ್ಕರಿಸಿ ಕೂತು ನಗತೊಡಗಿದೆ. ಏನು ಮಾಡಿದರೂ ನಗು ನಿಲ್ಲುತ್ತಿಲ್ಲ. ಒಳಗೆ ಬಂದು ನೋಡಿದರೆ ಅತ್ತೆ ನಗುತ್ತಿರಲಿಲ್ಲ. ಸೌಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು, ಯಾರೋ ಈಗಲೇ ಕಸಿದುಕೊಳ್ಳುತ್ತಾರೆ ಎಂಬಂತೆ. ನಾನು ಸೆರಗು ಬಾಯಿಗೆ ಒತ್ತಿ ನಗು ನಿಲ್ಲಿಸಿದೆ.

ಆಗ ಸಣ್ಣತ್ತೆ ಎದ್ದರು. ಈಗ ಬಂತು ನೋಡು ಮಾರಿ ಎಂದುಕೊಂಡೆ. ಅವರು ಮಡಿಲಲ್ಲಿದ್ದ ಕಡಲೆಯನ್ನೆಲ್ಲ ಬುಟ್ಟಿಗೆ ಸುರಿದು, ಮೂಲೆಯಲ್ಲಿದ್ದ ಪಾಲಕ್ ಸಿವುಡುಗಳನ್ನೂ ಅದರ ಮೇಲೆ ಹೇರಿ ತಂದು ಅತ್ತೆಯ ಮುಂದಿಟ್ಟರು. "ಅಕ್ಕ, ಇಷ್ಟು ಉಳದದ. ಸುಮ್ನ ಬಾಡಿ ಹೋಗ್ತದ, ಇದನ್ನೂ ಹಾಕಿಬಿಡ್ರಿ. ಮಂದಿ ಭಾಳ ಬರ್ತಾರ ಈ ಸಲ." ಇಷ್ಟು ಹೇಳಿ, ಅಟ್ಟದ ಮೇಲಿದ್ದ ಇನ್ನೊಂದು ಹಂಡೆಯನ್ನು ಇಳಿಸಿ, ತೊಳೆದು ಇಟ್ಟು, "ಬದನಿಕಾಯಿ ತರ್ತೀನಿ" ಎಂದು ಹಿತ್ತಲಿಗೆ ಹೋದರು.

ಎಂಥ ಅದೃಷ್ಟ! ಈ ಹೆಂಗಸಿಗೆ ಕೈ ಸುಮ್ಮನಿರುವುದಿಲ್ಲ, ಅದೇ ನಮ್ಮ ಪುಣ್ಯ ಎಂದುಕೊಂಡು ನಾವಿಬ್ಬರೂ ಬಿದ್ದು ಬಿದ್ದು ಕೆಲಸ ಮಾಡಿದೆವು. ಅರ್ಧ ಭಜ್ಜಿ ಎರಡನೆಯ ಹಂಡೆಗೆ. ಎರಡಕ್ಕೂ ನೀರು, ಕಡಲೆ, ಪಾಲಕ್, ಬದನೆ, ಕಡಲೆ ಹಿಟ್ಟು. ಗಜ್ಜರಿ ಹೆಚ್ಚಲು ಪುರುಸೊತ್ತಿಲ್ಲದೆ ಮುರಿದು ಹಾಕಿದೆ. ಎರಡು ಒಲೆ, ನಡುವೆ ನಾನು, ಒಂದು ಹಂಡೆಯಿಂದ ಇನ್ನೊಂದು ಹಂಡೆಗೆ ಮೂಗು ಚಾಚಿಕೊಂಡು ಓಡಾಡುತ್ತಿದ್ದೆ. "ಸೇಡಂ ಬಿಟ್ಟು ಈ ಕಡೆ ಹೊಂಟದ... ಚಿತ್ತಾಪುರ... ಚಿತ್ತಾಪುರದಾಗ ಭಾಳ ಹೊತ್ತು ನಿಂತದ್ರಿ ಅತ್ತೀ..." ಗಾಡಿ ಹಿಂದಕ್ಕೆ ಬರುತ್ತಿದೆ ಎಂದು ಅತ್ತೆಗೂ ನಗು ಬಂತು. ಇನ್ನಷ್ಟು ಹಿಟ್ಟು, ಇನ್ನೊಂದು ಕುದಿ. ಕೊನೆಗೆ ಮೆಂತೆ ಮೆತ್ತಗಾಗಿ ಬಂದು ನನ್ನ ಮೂಗಿಗೆ ತಾಗಿತು. "ವಾಡಿ!" ಎಂದು ಕಿರುಚಿದೆ. "ವಾಡಿಗಿ ಬಂತ್ರಿ!"

"ಬಂದೀನಿ ವೈನಿ, ಯಾಕ ಒದರ್ತೀರಿ?" ಎಂದ ಬಾಗಿಲಲ್ಲಿ ನಿಂತಿದ್ದ ನನ್ನ ಮೈದುನ. ಆಟೊ ಮಾಡಿಕೊಂಡು ಬಂದಿದ್ದ. "ಅಣ್ಣ ಎಲ್ಲಿ? ಸ್ಟೇಷನ್ಯಾಗ ಯಾರೂ ಇರಲಿಲ್ಲ."

ಅಣ್ಣ ಚಿತ್ತಾಪುರ ಸ್ಟೇಷನ್ನಿನಲ್ಲಿ ವಿಚಾರಿಸಿ, ಯಾರದೋ ಫೋನಿನಿಂದ ಮನೆಗೆ ಮಾಡಿ, ಬೈದು, ಬೈಸಿಕೊಂಡು ತಿರುಗಿ ಬರುವಷ್ಟರಲ್ಲಿ ಬಿಸಿಲು ಏರಿತ್ತು. "ಸೇಡಂ ಅಂತ ಯಾರು ಹೇಳಿದ್ರು ನನಗ?" ಎಂದು ದಾರಿಯುದ್ದಕ್ಕೂ ಕೇಳಿದರು. ಟೆಂಪೊದ ಹಿಂದೆ ಎರಡು ಹಂಡೆಗಳನ್ನು ಅಪ್ಪಿಕೊಂಡು ಕೂತಿದ್ದ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ನೋಡಿದ್ದರೆ ಹಂಡೆ ಉರುಳುತ್ತಿತ್ತು.

ಹೊಲದಲ್ಲಿ ಜೋಳ ಎದೆಯುದ್ದ ನಿಂತಿತ್ತು, ಆಚೆ ಕಾಗಿಣಾ ಸಣ್ಣಗೆ ಹರಿಯುತ್ತಿತ್ತು. ಪೂಜೆ ಆಯಿತು. ಮೈದುನ ತಲೆಗೆ ಟವೆಲ್ಲು ಸುತ್ತಿ ಹೊಲದ ಸುತ್ತ ಚರಗ ಚೆಲ್ಲಿ ಬಂದ. ಭಜ್ಜಿ ಎರಡು ಹಂಡೆ ಆಗಿದೆಯಲ್ಲ, ಉಣ್ಣುವವರು ಯಾರು? ನನ್ನ ಗಂಡ ಬದುವಿನ ಮೇಲೆ ನಿಂತು ಕೈ ಬೀಸಿ, "ಬರ್ರಿ, ಎಲ್ಲಾರೂ ಇಲ್ಲೇ ಬರ್ರಿ, ಊಟಕ್ಕ ಕುಂದ್ರಿ!" ಎಂದು ಆಚೀಚೆ ಹೊಲದವರನ್ನೆಲ್ಲ ಕರೆದರು. ಅವರು ತಮ್ಮ ತಮ್ಮ ಬುಟ್ಟಿ ಎತ್ತಿಕೊಂಡೇ ಬಂದರು. ನೋಡುನೋಡುತ್ತ ಜೋಳದ ನಡುವೆ ಒಂದು ಪಂಕ್ತಿಯೇ ಎದ್ದಿತು. ನಗು, ಕೂಗಾಟ, ಒಬ್ಬರ ಹೋಳಿಗೆ ಇನ್ನೊಬ್ಬರ ಎಲೆಗೆ. ನಾನು ಬಡಿಸುತ್ತ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ. ನನ್ನ ಕುಂಚಾವರಂ ಮೂಗನ್ನು ನಂಬಿ ಇಷ್ಟು ಜನರ ಬಾಯಿಗೆ ಬಡಿಸಿದ್ದೆನಲ್ಲ!

ಸಣ್ಣತ್ತೆ ಕಡುಬು ಮುರಿದರು. ಭಜ್ಜಿಯಲ್ಲಿ ಅದ್ದಿದರು. ಬಾಯಿಗಿಟ್ಟರು. ಎಂದಿನಂತೆ ಆಕಾಶ ನೋಡಿದರು. ಅತ್ತೆ ತಮ್ಮ ತುತ್ತನ್ನು ಎಲೆಯ ಮೇಲೆಯೇ ಹಿಡಿದುಕೊಂಡು ಕೂತಿದ್ದರು. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ.

ಸಣ್ಣತ್ತೆ ನಿಧಾನ ನುಂಗಿ ಹೇಳಿದರು. "ಅಕ್ಕ, ನಿಮ್ಮ ಗಾಡಿ ಬರೋಬ್ಬರಿ ವಾಡಿಗೇ ಬಂದು ನಿಂತದ."

"ಮತ್ತ ಯಾವ ಗಾಡಿ?" ಎಂದು ನನ್ನ ಗಂಡ ಅರ್ಧ ಎದ್ದರು. "ನೀವು ಕುಂದ್ರಿ, ಉಣ್ರಿ" ಎಂದು ನಾನು ಗದರಿದೆ.

ಅತ್ತೆಯ ಮುಖದ ಬಣ್ಣ ಹೋಗಿತ್ತು. ಬಹಳ ಸಣ್ಣ ಧ್ವನಿಯಲ್ಲಿ ಕೇಳಿದರು. "ನಿನಗ ಯಾವಾಗ ಗೊತ್ತಾತು?"

"ದೀಪಾವಳ್ಯಾಗ." ಸಣ್ಣತ್ತೆ ಎಲೆ ನೋಡಿಕೊಂಡೇ ಹೇಳಿದರು. "ಈ ಸಲ ನನ್ನ ಕರ್ಚಿಕಾಯಿ ಖರೇನೇ ಸೀದಿದ್ವು. ಅಕ್ಕ ಏನಂತಾರೋ ಅಂತ ದಾರಿ ತುಂಬ ಜವಾಬು ತಯಾರ್ ಮಾಡ್ಕೊಂಡು ಬಂದಿದ್ದೆ. ನೀವು ಒಂದು ತಿಂದ್ರಿ, ಛಲೋ ಆಗ್ಯಾವ ಅಂದ್ರಿ. ಛಲೋ ಆಗ್ಯಾವ ಅಂತ ನೀವು ನನಗ ಯಾವಾಗ ಅಂದೀರಿ? ಆವತ್ತು ನಿಮ್ಮ ಮನ್ಯಾಗ ನನಗ ಊಟ ಸೇರಲಿಲ್ಲ. ಮಂದಿ ಮುಂದ ನೀವು ಸಣ್ಣವರಾಗಬಾರದು ಅಂತ ಭಜ್ಜಿ ನಾ ಮಾಡ್ತೀನಿ ಅಂದ್ರ, ನೀವು ಸೌಟು ತೋರಿಸಿ ಬೈದ್ರಿ."

ಬುಟ್ಟಿ ತುಂಬ ಕಡಲೆ. ಪಾಲಕ್. ತೊಳೆದಿಟ್ಟ ಎರಡನೆಯ ಹಂಡೆ. ನನಗೆ ಅಲ್ಲೇ, ಅಷ್ಟು ಜನರ ನಡುವೆ, ಕಣ್ಣು ತುಂಬಿ ಬಂತು. ಬ್ಲೌಸು ಕತ್ತರಿಸುತ್ತ ನಾನು ಬೈದದ್ದು ಎಂಥ ಹೆಂಗಸನ್ನು!

ಅತ್ತೆ ತಮ್ಮ ತುತ್ತನ್ನು ಬಾಯಿಗಿಟ್ಟರು. ಅಗಿದರು. "ಉಪ್ಪು ಬರೋಬ್ಬರಿ ಅದ" ಎಂದರು. "ಉಪ್ಪು ನನಗೂ ಗೊತ್ತಾಗ್ತದ. ಉಳಿದದ್ದು ಏನೂ ಗೊತ್ತಾಗವಲ್ದು. ಹೆಂಗಾಗ್ಯದ?"

ಸಣ್ಣತ್ತೆ ತಮ್ಮ ಎಲೆಯನ್ನು ಎಳೆದುಕೊಂಡು ಅತ್ತೆಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಸರಿದು ಕೂತರು. ಅತ್ತೆ ಒಂದು ತುತ್ತು ಇಟ್ಟರೆ ಅವರೂ ಒಂದು ತುತ್ತು. "ಮೊದಲ ಮೆಂತಿ ಬರ್ತದ ಅಕ್ಕ, ಕಹಿ ಅನ್ಲಿಕ್ಕ ಆಗಲ್ಲ, 'ಬಂದೀನಿ' ಅಂತ ಹೇಳಿ ಸುಮ್ನಾಗ್ತದ. ಆಮ್ಯಾಲ ಹಸಿ ಕಡ್ಲಿ. ಹಲ್ಲಿಗಿ ಸಿಕ್ಕ ಮ್ಯಾಲ ಸೀ. ಹುಳಿ ಹಿಂದ ನಿಂತದ, ಮುಂದ ಬಂದಿಲ್ಲ, ನಿಮ್ಮ ಸೊಸಿ ಕೈ ಹಚ್ಚಿಲ್ಲ ಕಾಣ್ತದ." ಅತ್ತೆ ಕಣ್ಣು ಮುಚ್ಚಿ ಅಗಿಯುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಬದನಿಕಾಯಿ?" ಎಂದರು. "ಬೆಣ್ಣಿ ಆಗ್ಯದ." "ಬಾರಿಹಣ್ಣು?" "ಈಗ ಸಿಕ್ತು ನೋಡ್ರಿ, ಅಬಬಾ, ಸಣ್ಣವರಿದ್ದಾಗ ತಿಂದಂಗ ಅದ."

"ಬಳ್ಳೊಳ್ಳಿ?"

ಸಣ್ಣತ್ತೆ ಕೈ ನಿಲ್ಲಿಸಿದರು. ಆಕಾಶ ನೋಡಿದರು. "ಛಲೋ ಅದ ಅಕ್ಕ. ಆದರ ಬಳ್ಳೊಳ್ಳಿ ಜರಾ... ಹೊತ್ತ್ಯದ."

ಅತ್ತೆ ಫಕ್ಕನೆ ಕಣ್ಣು ತೆರೆದರು. "ಏನಂದಿ? ನನ್ನ ಕೈಯಾಗ ಬಳ್ಳೊಳ್ಳಿ ಹೊತ್ತ್ಯದ?"

"ಹೊತ್ತ್ಯದ್ರಿ. ಇದ್ದದ್ದು ಹೇಳ್ತೀನಿ."

"ನಿನ್ನ ನಾಲಿಗಿ ಹೊತ್ತ್ಯದ! ಸೀದ ಕರ್ಚಿಕಾಯಿ ಹೊತ್ತು ತಂದಾಕಿ ನನಗ ಹೇಳ್ತಿ? ಮುಂದಿನ ದೀಪಾವಳಿಗಿ ಬಾ ನೀ!"

"ಬರ್ತೀನಿ. ಡಬ್ಬಿ ತುಂಬ ತರ್ತೀನಿ."

ಅತ್ತೆ ತೋಳಿನಿಂದ ಕಣ್ಣು ಒರೆಸಿಕೊಂಡು, ನನ್ನ ಕೈಯಿಂದ ಸೌಟು ಕಸಿದು, ಎಡಗೈಯಲ್ಲೇ ಸಣ್ಣತ್ತೆಯ ಎಲೆಗೆ ಇನ್ನೆರಡು ಸೌಟು ಭಜ್ಜಿ ಸುರಿದರು. ಇಬ್ಬರ ಧ್ವನಿಯೂ ಹೊಳೆಯ ಆಚೆ ದಂಡೆಗೆ ಕೇಳುವಷ್ಟು ಏರಿತ್ತು. ಬೆಳ್ಳುಳ್ಳಿಗೆ ಒಗ್ಗರಣೆ ಕೊಟ್ಟವಳು ನಾನೇ, ಹೊತ್ತಿರಲಿಲ್ಲ. ನಾನು ಅವರ ಪಕ್ಕದಲ್ಲಿ ಕೂತು ಒಂದು ಕಡುಬು ಮುರಿದೆ.